ಹಾಲಾದ ಸಮುದ್ರ

"ಅಕ್ಕಾ, ಮೀನಿಗೆ ಹಾಲು ಕುಡಿಸಿದ್ಯಾ?"

ತಮ್ಮ ಗಾಜಿಗೆ ಮೂಗು ಒತ್ತಿಕೊಂಡು ಕೇಳಿದ. ಅಕ್ಕನೂ ಪಕ್ಕದಲ್ಲಿ ಬಗ್ಗಿ ನೋಡಿದಳು. ಐದು ನಿಮಿಷದ ಹಿಂದೆ ತಿಳಿಯಾಗಿದ್ದ ಅಕ್ವೇರಿಯಂ ನೀರು ಸುಣ್ಣ ಕಲಸಿದ ಹಾಗೆ ಬೆಳ್ಳಗಾಗಿತ್ತು. ಒಳಗಿನ ಹವಳಗಳು ಮಾಯ. ಕಿತ್ತಳೆ ಬಣ್ಣದ ಎರಡು ಮೀನುಗಳಲ್ಲಿ ಒಂದರ ಬಾಲ ಮಾತ್ರ ಮಿಂಚಿ ಮರೆಯಾಯಿತು.

ಅದು ಅತ್ತೆಯ ಅಕ್ವೇರಿಯಂ. ಇವರ ಮನೆಯಲ್ಲೇ ಇರುವ, ಅಪ್ಪನ ತಂಗಿಯಾದ ಅತ್ತೆಯ ಕೆಲಸ ಕಟ್ಟುಹಲ್ಲು ತಯಾರಿಸುವುದು. ಟ್ರೇನಿಂಗಿಗೆಂದು ಬೇರೆ ಊರಿಗೆ ಹೊರಟಾಗ ಎರಡು ಬಾಟಲಿ ತೋರಿಸಿ ಅಕ್ಕನಿಗೆ ಹೇಳಿದ್ದಳು:

"ಹವಳ ಬೆಳೆಯೋಕೆ ಎರಡೂ ಬೇಕು. ಬೆಳಿಗ್ಗೆ ಕ್ಯಾಲ್ಸಿಯಂ ಒಂದು ಮುಚ್ಚಳ. ಸಂಜೆ ಈ ಇನ್ನೊಂದು ಬಾಟಲಿದು ಒಂದು ಮುಚ್ಚಳ. ಒಟ್ಟಿಗೆ ಹಾಕ್ಬೇಡ. ಬರೆದಿಟ್ಕೋ."

"ಅಯ್ಯೋ ಅತ್ತೆ, ಇಷ್ಟೂ ನೆನಪಿರಲ್ವಾ?"

ನೆನಪಿರಲಿಲ್ಲ. ಎರಡು ದಿನ ಶಾಲೆಯಲ್ಲಿ "ನಾನೀಗ ಸಮುದ್ರದ ಡಾಕ್ಟರ್" ಎಂದು ಜಂಬ ಕೊಚ್ಚಿದ್ದೇ ಕೊಚ್ಚಿದ್ದು. ಆ ಭರದಲ್ಲಿ ಔಷಧಿ ಹಾಕುವುದೇ ಮರೆತುಹೋಗಿತ್ತು. ಭಾನುವಾರ ಬೆಳಿಗ್ಗೆ ನೆನಪಾದಾಗ, ಬಸ್ಸಿನಲ್ಲಿ ಕೂತು ಬಾಕಿ ಹೋಂವರ್ಕ್ ಗೀಚುವವಳಂತೆ, ಎರಡೂ ಬಾಟಲಿಗಳಿಂದ ಮೂರು ಮೂರು ಮುಚ್ಚಳ ಸುರಿದಳು. ಜಾಸ್ತಿಯಾದರೆ ಮೂಳೆ ಗಟ್ಟಿಯಾಗುತ್ತದೆ ಎಂಬ ಸಮಾಧಾನ ಬೇರೆ! ಹವಳಕ್ಕೆ ಮೂಳೆ ಎಲ್ಲಿದೆಯೋ, ಆ ಡಾಕ್ಟರಿಗೇ ಗೊತ್ತು.

"ಕರೆಂಟ್ ಹೋಗಿತ್ತು ಅಂತ ಹೇಳ್ಬಿಡು" ಎಂದು ತಮ್ಮ ಉಪಾಯ ಕೊಟ್ಟ.

ಅವಳು ಅದನ್ನೇ ನಾಲ್ಕು ಸಲ ಬಾಯಿಪಾಠ ಮಾಡಿ ಫೋನ್ ಹಚ್ಚಿದಳು. ಅತ್ತೆ "ಹಲೋ ಪುಟ್ಟಿ" ಅಂದದ್ದೇ ತಡ, ಬಾಯಿಪಾಠ ಎಲ್ಲ ಹಾರಿಹೋಯಿತು.

"ಅತ್ತೆ, ಎರಡನ್ನೂ ಒಟ್ಟಿಗೆ ಸುರಿದ್ಬಿಟ್ಟೆ. ಮೂರು ಮೂರು ಮುಚ್ಚಳ. ನೀರು ಹಾಲಿನ ಥರ ಆಗಿದೆ."

ಅತ್ತೆ ಕೇಳಿದಳು, "ಪಂಪ್ ಓಡ್ತಿದ್ಯಾ?"

"ಹೂಂ."

"ಮೀನು?"

"ಒಂದರ ಬಾಲ ಕಾಣಿಸ್ತು."

"ಸರಿ. ಪಂಪ್ ಆಫ್ ಮಾಡ್ಬೇಡ. ಏನೂ ಹಾಕ್ಬೇಡ. ಸುಮ್ನೆ ಕೂತ್ಕೋ."

"ಸ್ವಲ್ಪ ಒಳ್ಳೆ ನೀರಾದ್ರೂ…"

"ಏನೂ ಅಂದ್ರೆ ಏನೂ ಬೇಡ!"

ಸುಮ್ಮನೆ ಕೂರುವುದು ಇಷ್ಟು ಕಷ್ಟದ ಕೆಲಸ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಕೈ ತುರಿಸಿತು. ಕೊನೆಗೆ ಎರಡೂ ಕೈಗಳ ಮೇಲೆ ತಾನೇ ಕೂತಳು. ಸಂಜೆಯ ಹೊತ್ತಿಗೆ ನೀರು ತಿಳಿಯಾಯಿತು. ಮೀನುಗಳೆರಡೂ ಏನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದವು. ಹೂವಿನಂತೆ ಅರಳಿರುತ್ತಿದ್ದ ಹವಳಗಳು ಮಾತ್ರ ಮುದುಡಿಕೊಂಡಿದ್ದವು.

ಮರುದಿನ ಬೆಳಿಗ್ಗೆ ಅತ್ತೆ ಬಂದಳು. ಬ್ಯಾಗ್ ಕೆಳಗಿಟ್ಟವಳೇ ಪಂಪಿನ ಮೇಲೆ ಬೆರಳಾಡಿಸಿದಳು. ಬೆರಳಿಗೆ ಬಿಳಿ ಪುಡಿ ಮೆತ್ತಿಕೊಂಡಿತು.

"ನೋಡು, ನೀನು ಹಾಕಿದ್ದು. ಎರಡೂ ಸೇರ್ಕೊಂಡು ಸೀಮೆಸುಣ್ಣ ಆಗ್ಬಿಟ್ಟಿದೆ. ಹವಳಕ್ಕೆ ದಕ್ಕಲೇ ಇಲ್ಲ."

"ಅಂದ್ರೆ ಮೀನುಗಳಿಗೆ ಸ್ಕೂಲ್ ನಡೆಸೋಕೆ ಚಾಕ್‌ಪೀಸ್ ಮಾಡಿಕೊಟ್ಟೆ ನಾನು" ಎಂದಳು ಅವಳು, ತಲೆ ತಗ್ಗಿಸಿ.

ಅತ್ತೆ ಜೋರಾಗಿ ನಕ್ಕಳು. ಹವಳಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಮೂಲೆಯ ನೇರಳೆ ಹವಳ ಮಾತ್ರ ಇನ್ನೂ ಮುಷ್ಟಿ ಬಿಗಿಹಿಡಿದಿತ್ತು. ಅದನ್ನು ಕಂಡು ಅತ್ತೆಯ ನಗು ನಿಂತಿತು.

"ಅದು ತೆರೆಯುತ್ತಾ?"

"ಗೊತ್ತಿಲ್ಲ, ಪುಟ್ಟಿ. ಕಾದು ನೋಡ್ಬೇಕು." ಅತ್ತೆ ಕ್ಯಾಲ್ಸಿಯಂ ಬಾಟಲಿ ಮುಂದೆ ಚಾಚಿದಳು. "ತಗೋ, ಇವತ್ತು ನೀನೇ ಹಾಕು."

ಅವಳು ಬಾಟಲಿ ಹಿಡಿದಳು. ಮುಚ್ಚಳ ತೆಗೆಯಲಿಲ್ಲ.

"ಅತ್ತೆ, ನೀರಲ್ಲಿ ಈಗ ಎಷ್ಟಿದೆ ಅಂತ ಮೊದ್ಲು ನೋಡೋಕಾಗುತ್ತಾ?"

ಅತ್ತೆ ನೀರು ಪರೀಕ್ಷಿಸುವ ಪುಟ್ಟ ಪೆಟ್ಟಿಗೆಯೊಂದನ್ನು ತಂದು, ಗಾಜಿನ ಕೊಳವೆಗೆ ನೀರು ತುಂಬಿ, ಒಂದೆರಡು ಮದ್ದು ಬೆರೆಸಿ ಕೊಟ್ಟಳು. ನೀರು ಗುಲಾಬಿಯಾಯಿತು. ಅದು ನೀಲಿಯಾಗುವವರೆಗೆ ಇನ್ನೊಂದು ಶೀಶೆಯಿಂದ ಹನಿ ಹನಿಯಾಗಿ ಎಣಿಸಿ ಹಾಕಬೇಕಂತೆ; ಎಷ್ಟು ಹನಿ ಹಿಡಿಯಿತೋ ಅದರಿಂದ ನೀರಿನಲ್ಲಿ ಕ್ಯಾಲ್ಸಿಯಂ ಎಷ್ಟಿದೆಯೆಂದು ಗೊತ್ತಾಗುತ್ತದಂತೆ.

"ಅಕ್ಕಾ, ನಾನೊಂದು ಹನಿ ಹಾಕ್ಲಾ?"

"ಶ್! ಏಳು…"

ಅವಳು ಉಸಿರು ಬಿಗಿಹಿಡಿದು, ಎಂಟನೆಯ ಹನಿ ತಾನಾಗಿ ಬೀಳುವುದನ್ನೇ ಕಾಯುತ್ತ ಕೂತಳು.