ಮೊದಲು ಒಳಗೆ ನೋಡು

ಬಾಗಿಲು ತೆರೆದದ್ದು ಮಕ್ಕಳಲ್ಲ.

ಒಂದು ಕೈಯಲ್ಲಿ ಮೈದಾ ಪೊಟ್ಟಣ, ಇನ್ನೊಂದರಲ್ಲಿ ಕೇಕ್ ಟಿನ್ ಹಿಡಿದು ನಿಂತಿದ್ದ ಮಾಧವ, ಮಕ್ಕಳನ್ನು ನಗಿಸಲೆಂದು ಲಿಫ್ಟಿನಲ್ಲೇ ಸಿದ್ಧಮಾಡಿಕೊಂಡಿದ್ದ ಸಿಂಹದ ಮುಖವನ್ನು ಅವಸರದಲ್ಲಿ ಅಳಿಸಿಕೊಂಡ. ಎದುರಿಗೆ ಇಳಕಲ್ ಸೀರೆಯ ಮೇಲೆ ದಪ್ಪ ಸ್ವೆಟರ್ ತೊಟ್ಟ ಹಿರಿಯರೊಬ್ಬರು ನಿಂತಿದ್ದರು. ಅವನನ್ನು ಮೇಲಿಂದ ಕೆಳಗೆ ನೋಡಿ ಒಳಕ್ಕೆ ತಿರುಗಿದರು.

“ಭುವನಾ, ಗ್ಯಾಸ್ ರಿಪೇರಿಯವ ಬಂದಾನ ನೋಡು.”

ಒಳಗಿನಿಂದ ಭುವನೇಶ್ವರಿ ನಕ್ಕದ್ದು ಕೇಳಿಸಿತು. “ಗ್ಯಾಸಿನವರಲ್ಲವ್ವಾ. ಕೇಕಿನವರು.”

ಕೇಕಿನವರು. ಇಷ್ಟು ದಿನದ ಶನಿವಾರಗಳೆಲ್ಲ ಸೇರಿ ತನಗೆ ಕೊಟ್ಟ ಹೆಸರು ಇಷ್ಟೇನಾ ಅಂತ ಮಾಧವನಿಗೆ ಚುರುಕ್ಕೆಂದಿತು. ಆದರೂ ಹಲ್ಲು ಬಿಟ್ಟು ನಮಸ್ಕಾರ ಎಂದ. ಇವರೇ ಪಾರ್ವತೆವ್ವ, ಭುವನೇಶ್ವರಿಯ ತಾಯಿ. ಧಾರವಾಡದಿಂದ ಬರುವವರಿದ್ದಾರೆ ಎಂದು ಗೊತ್ತಿತ್ತು. ಯಾಕೆ ಬರುತ್ತಾರೆ ಎಂಬುದನ್ನು ಅವನು ಕೇಳಿರಲಿಲ್ಲ. ಕೇಳಿದರೆ ಉತ್ತರ ಸಿಕ್ಕೀತು ಎಂಬ ಭಯ.

ಇಂಗ್ಲಿಷರ ನಾಡಿನಲ್ಲಿ, ಕ್ರೋಯ್ಡನ್ನಿನ ಆ ಕಟ್ಟಡದಲ್ಲಿ ಅವನ ಫ್ಲ್ಯಾಟ್ ಭುವನೇಶ್ವರಿಯದ್ದರ ನೇರ ಕೆಳಗೆ. ಊರು ಮೈಸೂರು, ಕೆಲಸ ಕ್ಯಾನರಿ ವಾರ್ಫ್‌ನ ಬ್ಯಾಂಕಿನಲ್ಲಿ. ಒಂಟಿತನಕ್ಕೆ ಅವನು ಕಂಡುಕೊಂಡ ಔಷಧಿ ಕೇಕ್. ಲೈಬ್ರರಿ ಪುಸ್ತಕ ನೋಡಿ, ಸುಟ್ಟುಕೊಂಡು, ಬಿಸಾಡಿ, ತಾನೇ ಕಲಿತದ್ದು. ಒಂದು ಸಂಜೆ ಆ ವಾಸನೆ ಹಿಡಿದುಕೊಂಡೇ ಆಸ್ಪತ್ರೆಯ ಬ್ಯಾಡ್ಜು ಕೂಡ ಬಿಚ್ಚದ ಡಾಕ್ಟರೊಬ್ಬಳು ಬಾಗಿಲು ತಟ್ಟಿದ್ದಳು. ಹಿಂದೆ ಇಬ್ಬರು ಮಕ್ಕಳು. ನಾಳೆ ಮಗಳ ಶಾಲೆಯಲ್ಲಿ ಕೇಕ್ ಸೇಲ್, ತನಗೆ ಚಪಾತಿ ಬಿಟ್ಟರೆ ಬೇರೆ ಬರುವುದಿಲ್ಲ ಎಂದಿದ್ದಳು. ಹೇಳುವಾಗ ಕಣ್ಣಂಚಿನಲ್ಲಿ ಅಳುವಿತ್ತು, ತುಟಿಯಂಚಿನಲ್ಲಿ ನಗುವಿತ್ತು. ಯಾವುದನ್ನು ನೋಡಬೇಕೆಂದು ತಿಳಿಯದೆ ಅವನು ಎರಡನ್ನೂ ನೋಡಿದ್ದ.

ಮೇಲೆ ಹೋಗಿ ಅವಳ ಓವನ್ ತೆರೆದರೆ ಒಳಗೆ ಕುಕ್ಕರು, ಕಡಾಯಿ, ರೊಟ್ಟಿ ತವಾ. ನಮ್ಮ ಜನರ ಮನೆಗಳಲ್ಲಿ ಓವನ್ ಎಂದರೆ ಇನ್ನೊಂದು ಕಪಾಟು. ಅವತ್ತೇ ಅವನು ಮಕ್ಕಳಿಗೆ ಒಂದು ಕಾನೂನು ಮಾಡಿಕೊಟ್ಟ: ಮೊದಲು ಬಾಗಿಲು ತೆಗೆ, ಒಳಗೆ ನೋಡು, ಆಮೇಲೆ ಬಿಸಿ ಮಾಡುವ ಗುಬಟಿ ತಿರುಗಿಸು. ಏಳು ವರ್ಷದ ಇಂಚರಾ ಅದನ್ನು ಮಗ್ಗಿಯ ಹಾಗೆ ಹೇಳುತ್ತಿದ್ದಳು. ನಾಲ್ಕರ ನಿತೀಶ “ಲುಕ್ ಫಸ್ಟ್” ಎಂದು ಕೂಗಿ ಬಗ್ಗಿ ನೋಡುತ್ತಿದ್ದ. ಅಲ್ಲಿಂದ ಪ್ರತಿ ಶನಿವಾರ ಮಧ್ಯಾಹ್ನ ಮಾಧವ ಮೇಲಕ್ಕೆ. ಮಕ್ಕಳು ನೆವ. ನೆವ ಎಂಬುದು ಅವನಿಗೆ ಮಾತ್ರ ಗೊತ್ತು, ಹಾಗಂತ ಅವನು ನಂಬಿಕೊಂಡಿದ್ದ.

ಇವತ್ತು ಮೊಟ್ಟೆ ಇಲ್ಲದ ಕೇಕ್, ಅಜ್ಜಿಗಾಗಿ. ಮೊಸರಿಗೆ ಸೋಡಾ ಹಾಕಿದಾಗ ನೊರೆ ಉಕ್ಕಿದ್ದು ಕಂಡು ನಿತೀಶ ಚಪ್ಪಾಳೆ ತಟ್ಟಿದ. ಇಂಚರಾ ಮೈದಾ ಜರಡಿ ಹಿಡಿಯುತ್ತಾ ಅರ್ಧ ನೆಲಕ್ಕೆ, ಕಾಲು ತಮ್ಮನ ತಲೆಗೆ, ಉಳಿದದ್ದು ಬಟ್ಟಲಿಗೆ ಹಾಕಿದಳು. ಭುವನೇಶ್ವರಿ ಫ್ರಿಜ್ಜಿಗೆ ಒರಗಿ ಪರೀಕ್ಷೆಯ ದಪ್ಪ ಪುಸ್ತಕ ಓದುತ್ತಿದ್ದಳು. ಓದುವವಳ ಹಾಳೆ ಮಗುಚಲೇ ಇಲ್ಲ. ಅವನು ತಲೆ ಎತ್ತಿದಾಗಲೆಲ್ಲ ಅವಳ ಕಣ್ಣು ಪುಸ್ತಕಕ್ಕೆ ಇಳಿಯುತ್ತಿತ್ತು. ಒಮ್ಮೆ ಇಳಿಯುವುದು ತಡವಾಯಿತು. ಸಿಕ್ಕಿಬಿದ್ದವಳ ಹಾಗೆ ಅವಳು ತನ್ನ ಹುಬ್ಬನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು: ಅಲ್ಲಿ ಹಿಟ್ಟಿದೆ. ಅವನು ಬಲಹುಬ್ಬು ಒರೆಸಿಕೊಂಡ. ಅವಳು ಅಲ್ಲವೆಂದು ತಲೆಯಾಡಿಸಿದಳು. ಎಡಹುಬ್ಬು ಒರೆಸಿಕೊಂಡ. ಈಗ ಎರಡೂ ಬೆಳ್ಳಗಾದವು. ಅವಳ ಭುಜ ಸದ್ದಿಲ್ಲದೆ ಕುಲುಕಿತು.

ಆಮೇಲೆ ನಗು ನಿಂತಿತು. ಮಕ್ಕಳು ಬಟ್ಟಲಿನಲ್ಲಿ ಮುಳುಗಿದ್ದಾಗ ಅವಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು.

“ಅವ್ವ ಮಕ್ಕಳನ್ನ ಕರ್ಕೊಂಡು ಹೋಗ್ತಾಳ. ಪರೀಕ್ಷೆ ಮುಗಿಯೋತನಕ. ಒಂದು ವರ್ಷ ಆಗಬಹುದು. ಮುಂದಿನ ರವಿವಾರ ಫ್ಲೈಟು. ಇವಕ್ಕ ಇನ್ನೂ ಹೇಳಿಲ್ಲ.”

ಮಾಧವ ಏನು ಹೇಳಿದನೋ ಅವನಿಗೇ ನೆನಪಿಲ್ಲ. ಒಳ್ಳೆಯದೇ ಆಯಿತು ಎಂದನೇನೋ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಚೈಲ್ಡ್‌ಮೈಂಡರ್ ಬಿಟ್ಟುಹೋಗಿದ್ದು, ವಾರ್ಡಿನ ಪಾಳಿ, ಇನ್ನೊಮ್ಮೆ ಫೇಲಾದರೆ ಏನು ಗತಿ ಎಂಬುದು, ಎಲ್ಲವನ್ನೂ ಅವಳು ಹೇಳಿದಳು. ಧಾರವಾಡದ ಶಾಲೆಯಲ್ಲಿ ಸೀಟೂ ಆಗಿದೆಯಂತೆ. ಅವನಿಗೆ ಕೇಳಿಸಿದ್ದು ಒಂದೇ. ಮಕ್ಕಳಿಲ್ಲದ ಮನೆಗೆ ಕೇಕಿನವನು ಯಾಕೆ ಮೇಲೆ ಬರಬೇಕು? ಲಿಫ್ಟಿನಲ್ಲಿ ಸಿಕ್ಕರೆ ಹಲೋ ಅನ್ನಬಹುದು. ಅಷ್ಟೇ. ಕೈಗೆ ಏನಾದರೂ ಕೆಲಸ ಬೇಕಿತ್ತು. ಅದು ತಾನಾಗಿ ಚಾಚಿಕೊಂಡು ಓವನ್ನಿನ ಗುಬಟಿ ತಿರುಗಿಸಿತು.

ಹಿಟ್ಟು ಟಿನ್ನಿಗೆ ಸುರಿಯುವ ಹೊತ್ತಿಗೆ ವಾಸನೆ ಬಂತು. ಮೊದಲು ಬಟ್ಟೆ ಸುಟ್ಟಂತೆ, ಮರುಗಳಿಗೆ ಪ್ಲಾಸ್ಟಿಕ್ ಕರಗಿದಂತೆ. ಓವನ್ನಿನ ಬಾಗಿಲ ಸಂದಿಯಿಂದ ಕಪ್ಪು ಹೊಗೆ ನಾಲಗೆ ಚಾಚಿತು. ಮಾಧವ ಸ್ವಿಚ್ಚು ಆರಿಸಿದ, ಬಾಗಿಲು ಯಾರೂ ಮುಟ್ಟಬೇಡಿ ಎಂದ, ನಿತೀಶನನ್ನು ಎತ್ತಿಕೊಂಡ. ಅಷ್ಟರಲ್ಲಿ ಇಡೀ ಕಟ್ಟಡದ ಅಲಾರಂ ಅರಚತೊಡಗಿತು. ಭುವನೇಶ್ವರಿ ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದರಲ್ಲಿ ತಾಯಿಯನ್ನೂ ಹಿಡಿದುಕೊಂಡು ಮೆಟ್ಟಿಲಿಳಿದಳು. ಇಂಚರಾ ಮಾತ್ರ ಕೇಕ್ ಟಿನ್ ಕೈಬಿಡಲಿಲ್ಲ.

ನವೆಂಬರಿನ ಚಳಿಯಲ್ಲಿ ಕಟ್ಟಡದವರೆಲ್ಲ ಫುಟ್‌ಪಾತಿನ ಮೇಲೆ ಜಮಾಯಿಸಿದರು, ಒಬ್ಬರು ಸ್ನಾನದ ಟವೆಲಿನಲ್ಲೇ. ಟ್ರಾಮಿನ ಕಿಟಕಿಗಳಿಂದ ಜನ ನೋಡುತ್ತಾ ಸಾಗಿದರು. ಫೈರ್ ಇಂಜಿನ್ ಬಂತು. ಸ್ವಲ್ಪ ಹೊತ್ತಿಗೆ ಎತ್ತರದ ಫೈರ್‌ಮನ್ ಒಬ್ಬ ಕರಗಿ ಸೊಟ್ಟಗಾದ ಡಬ್ಬಿಯನ್ನು ಹಿಡಿದು ಹೊರಬಂದು, ಇದು ಯಾರ ಊಟ ಎಂದು ಕೇಳಿದ. ಒಳಗೆ ಕರಕಲಾದ ಬಟ್ಟೆಗಂಟು. ಅದರಿಂದ ಕಡಕ್ ಜೋಳದ ರೊಟ್ಟಿಯ ಒಂದು ಅರ್ಧಚಂದ್ರ ಇಣುಕುತ್ತಿತ್ತು.

“ಅಂಕಲ್, ಯೂ ಡಿಡಂಟ್ ಲುಕ್,” ಎಂದಳು ಇಂಚರಾ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಅದೇ ಹೆಚ್ಚು ನೋಯಿಸಿತು.

“ಹೌದು ಪುಟ್ಟಿ. ನನ್ನದೇ ತಪ್ಪು.”

ಪಾರ್ವತೆವ್ವ ಆ ಡಬ್ಬಿಯತ್ತ ಕೈ ತೋರಿಸಿದರು. ಕಾಲಲ್ಲಿ ಕಾಲುಚೀಲ ಮಾತ್ರ, ಚಪ್ಪಲಿ ಮೇಲೆಯೇ ಉಳಿದಿತ್ತು. “ಅಂವಂದಲ್ಲ. ರೊಟ್ಟಿ ಇಟ್ಟಾಕಿ ನಾನು. ಗಟ್ಟಿ ಬಾಗಲದ ಕಪಾಟ ಐತಿ, ಇರವಿ ಹತ್ತೂದಿಲ್ಲ ಅಂತ ಇಟ್ಟೆ. ಮೊಮ್ಮಕ್ಕಳನ್ನ ನೋಡ್ಕೋತೀನಿ ಅಂತ ಬಂದಾಕಿ, ಮನಿಗೇ ಬೆಂಕಿ ಹಚ್ಚಿದೆ.”

ಭುವನೇಶ್ವರಿ ತಾಯಿಗೆ ತನ್ನ ಶಾಲು ಹೊದಿಸಿದಳು. ಮಾಧವ ಬಿಚ್ಚಿಕೊಟ್ಟ ಬೂಟುಗಳಲ್ಲಿ ಪಾರ್ವತೆವ್ವ ಪಕ್ಕದ ಮೋಟುಗೋಡೆಯ ಮೇಲೆ ಕೂತರು, ನಿತೀಶ ಅವರ ತೊಡೆ ಏರಿದ. ಅದಾದ ಮೇಲೆ ಭುವನೇಶ್ವರಿ ಕಾಲುಚೀಲದಲ್ಲಿ ನಿಂತವನ ಹತ್ತಿರ ಬಂದಳು. ಕಟ್ಟಡದವರೆಲ್ಲ ಫೈರ್‌ಮನ್ನನ ಸುತ್ತ ಇದ್ದರು.

“ಯಾಕ ನೋಡಲಿಲ್ಲ?” ಎಂದಳು. “ನೀವು ಎಂದೂ ಮರೆಯೋರಲ್ಲ.”

ಅವನು ಟ್ರಾಮಿನ ಹಳಿ ನೋಡಿದ. ಸುಳ್ಳು ಹೇಳಲು ಒಳ್ಳೆಯ ಸಮಯ. ಚಳಿಗೋ ಏನೋ, ಸುಳ್ಳು ಬರಲಿಲ್ಲ.

“ನೀವು ರವಿವಾರ ಅಂದ್ರಿ. ಆಮೇಲೆ ನಂಗೆ ಏನೂ ಕಾಣಿಸ್ಲಿಲ್ಲ.”

ಅವನು ನಿಲ್ಲಿಸಲಾಗದೆ ಮುಂದುವರಿದ: ಮಕ್ಕಳನ್ನು ತಾನು ನೋಡಿಕೊಳ್ಳಬಲ್ಲೆ, ಅವಳ ಪಾಳಿಗೆ ಹೊಂದಿಸಿಕೊಂಡು ಆಫೀಸಿನಲ್ಲಿ ಕೇಳಬಲ್ಲೆ, ಕಳಿಸಬೇಡಿ.

“ಬ್ಯಾಡ,” ಎಂದಳು ಅವಳು. “ಮಕ್ಕಳನ್ನ ನೋಡ್ಕೊಳ್ಳೋರು ಬೇಕಂತ ನಾ ಯಾರನ್ನೂ ಹತ್ತಿರ ಕರೆಯೂದಿಲ್ಲ. ಮೆಲ್ಬರ್ನಿಗೆ ಹೋಗಿ ಕೂತವ್ರೂ ಹೇಳ್ತಿದ್ರು, ನಿನಗ ಗಂಡ ಬೇಕಿರಲಿಲ್ಲ, ಆಳು ಬೇಕಿತ್ತು ಅಂತ. ಡೈವೋರ್ಸ್ ಆಗಿ ಇಷ್ಟು ದಿನ ಆದ್ರೂ ಆ ಮಾತು ಕಿವಿಯಾಗ ಐತಿ. ಅದಕ್ಕ ನಿಮ್ಮನ್ನ ಏನೂ ಕೇಳಲಿಲ್ಲ.”

“ನಾನು ಬರೀ ಮಕ್ಕಳಿಗೋಸ್ಕರ ಮೇಲೆ ಬರ್ತಿದ್ದೆ ಅಂದ್ಕೊಂಡ್ರಾ?”

ಅವಳ ಕಣ್ಣು ಈ ಸಲ ಇಳಿಯಲಿಲ್ಲ. ಇಳಿಸಲು ಪುಸ್ತಕವೂ ಇರಲಿಲ್ಲ. ಹೆಬ್ಬೆರಳನ್ನು ಶಾಲಿಲ್ಲದ ತನ್ನ ತೋಳಿಗೆ ಒರೆಸಿಕೊಂಡು, ಅವನ ಎಡಹುಬ್ಬಿನ ಮೇಲೆ ಮೆಲ್ಲಗೆ ಎಳೆದಳು. ನಂತರ ಬಲಹುಬ್ಬು. ಹಿಟ್ಟು ಹೋಯಿತು. ಬೆರಳು ಅಲ್ಲೇ ಸ್ವಲ್ಪ ಹೊತ್ತು ಮರೆತು ನಿಂತಿತು.

ಆಮೇಲೆ ಕೈ ಹಿಂತೆಗೆದುಕೊಂಡಳು. ತಿರುಗಿ ತಾಯಿಯ ಮುಂದೆ ಕುಕ್ಕರಿಸಿದಳು.

“ಅವ್ವಾ, ಮಕ್ಕಳು ಬರೂದಿಲ್ಲ. ಪರೀಕ್ಷೆ ಬಿಟ್ಟೇನು, ಇವನ್ನ ಕಳಸಾಕ ಆಗೂದಿಲ್ಲ.”

ಪಾರ್ವತೆವ್ವ ಉದ್ದಕ್ಕೆ ಉಸಿರುಬಿಟ್ಟರು. ಕಾಲಿನ ದೊಡ್ಡ ಬೂಟು ನೋಡಿಕೊಂಡರು. ಕಾಲುಚೀಲದಲ್ಲಿ ನಿಂತ ಮಾಧವನನ್ನು ನೋಡಿದರು. ಮಗಳ ಮುಖ ನೋಡಿದರು.

“ಪರೀಕ್ಷೆ ಯಾಕ ಬಿಡ್ತಿ? ವೀಸಾ ಆರು ತಿಂಗಳದ್ದು ಐತಿ ನಂದು. ನಾನ ಇರ್ತೀನಿ, ಅದು ಮುಗಿದರ ಊರಿಗೆ ಹೋಗಿ ಮತ್ತ ಬರ್ತೀನಿ. ಈ ಊರಿನ ಗುಬಟಿ, ಗಂಟಿ ಕಂಡರ ನನಗ ಅಂಜಿಕಿ. ಅದಕ್ಕ ಲಗೂನ ಇವನ್ನ ಹೊತ್ಕೊಂಡು ಓಡಬೇಕು ಅಂದ್ಕೊಂಡಿದ್ದೆ.”

“ಐ ವಿಲ್ ಟೀಚ್ ಯೂ, ಅಜ್ಜಿ,” ಎಂದಳು ಇಂಚರಾ. ಅವಳ ಕೈಯಲ್ಲಿ ಟಿನ್ ಇನ್ನೂ ಇತ್ತು.

ಮೇಲಿನ ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಆ ಓವನ್ ಅವತ್ತಿಗೆ ಸತ್ತಿತ್ತು. ಹೀಗಾಗಿ ಎಲ್ಲರೂ ಕೆಳಗಿನ ಫ್ಲ್ಯಾಟಿಗೆ ಬಂದರು. ಭುವನೇಶ್ವರಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಇಷ್ಟು ದಿನ ಹತ್ತಿ ಹೋದವನು ಅವನೇ. ಒಗೆಯದ ಶರ್ಟೊಂದನ್ನು ಅವನು ಸೋಫಾದ ಹಿಂದೆ ತಳ್ಳಿದ. ಅವಳು ನೋಡಿಯೂ ನೋಡದವಳಂತೆ ನೇರ ಅಡುಗೆಮನೆಗೆ ನಡೆದಳು.

ಹಿಟ್ಟಿನ ನೊರೆ ಆರಿತ್ತು. ಕೇಕ್ ಉಬ್ಬುವುದೋ ಇಲ್ಲವೋ. ಚಿಟಿಕೆ ಸೋಡಾ ಮತ್ತೆ ಹಾಕಿ ಕಲಸಿ, ಓವನ್ ಕಾಯಿಸೋಣವೇ ಎಂದು ಅವನು ಕೇಳಿದ. ಅವಳು ಅವನನ್ನೇ ನೋಡುತ್ತಾ, ಕೆನ್ನೆ ಸ್ವಲ್ಪ ಕೆಂಪಾಗಿ, ಕೈ ಚಾಚಿ ಅದರ ಗುಬಟಿ ತಿರುಗಿಸಿಬಿಟ್ಟಳು.

“ಅಮ್ಮಾ,” ಇಂಚರಾ ಸೊಂಟದ ಮೇಲೆ ಕೈಯಿಟ್ಟಳು. “ಯೂ ಫರ್ಗಾಟ್ ಟೂ.”

ಭುವನೇಶ್ವರಿ ಬಾಯಿಗೆ ಕೈ ಅಡ್ಡ ಹಿಡಿದಳು. ಮಾಧವನಿಗೆ ಇನ್ನು ಕೇಳುವುದು ಏನೂ ಉಳಿದಿರಲಿಲ್ಲ.

ಪಾರ್ವತೆವ್ವ ಗೊಣಗುತ್ತಾ, ಇನ್ನೂ ಅವನ ಬೂಟುಗಳನ್ನೇ ಎಳೆದುಕೊಂಡು, ಇಬ್ಬರ ನಡುವೆ ಜಾಗ ಮಾಡಿಸಿಕೊಂಡು ಮುಂದೆ ಬಂದರು. ಬಗ್ಗಿ ಬಾಗಿಲು ತೆಗೆದರು. ಒಳಗೆ ಇಣುಕಿ ಚೆನ್ನಾಗಿ ನೋಡಿದರು.

“ಖಾಲಿ ಐತಿ,” ಎಂದರು. “ತಾ ಕೂಸ, ಇಡು.”