ತೂತಿಲ್ಲದ ಕುಂಡ

“ದಿನಾ ಒಂದು ಬಿಂದಿಗೆ ನೀರು. ಒಂದು ದಿನ ತಪ್ಪಿದ್ರೂ ಅದು ಬೇರೆ ಕಡೆ ನೀರು ಹುಡುಕ್ಕೊಂಡು ಹೊರಡತ್ತಪ್ಪ. ದಮ್ಮಯ್ಯ, ತಪ್ಪಿಸ್ಬೇಡ,” ಎಂದು ಮನೆಯೊಡತಿ ಅಜ್ಜಿ ಕೈಮುಗಿದಳು. ಮಹಡಿಗೆ ಬಾಡಿಗೆಗೆ ಬಂದು ಇನ್ನೂ ತಿಂಗಳು ತುಂಬದ ಗಿಡದ ಡಾಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಡಾಕ್ಟರ್ ಎಂದರೆ ಓದಿ ಆದವನಲ್ಲ. ಮನೆಯೊಳಗೆ, ಬಾಲ್ಕನಿಯಲ್ಲಿ ಗಿಡ ಬೆಳೆಸುವುದು ಹೇಗೆಂದು ವಿಡಿಯೊ ಮಾಡುತ್ತಿದ್ದ. ನೋಡುವವರು ಪ್ರೀತಿಯಿಂದ ಇಟ್ಟ ಹೆಸರು ನೇರ ತಲೆಗೇರಿತ್ತು. ಜಗತ್ತಿನಲ್ಲಿ ಎರಡೇ ಜಾತಿ ಎಂದು ಅವನು ನಂಬಿದ್ದ: ಗಿಡಕ್ಕೆ ನೀರು ಹಾಕಲು ಬಲ್ಲ ತಾನೊಬ್ಬ, ಬಾರದ ಉಳಿದ ದಡ್ಡರು. ಶಾಲೆಯಲ್ಲಿ ಪಾಠ ಹೇಳುವ ಹೆಂಡತಿಯೂ ಎರಡನೆಯ ಜಾತಿಗೇ ಸೇರಿದ್ದಳು.

ಅಜ್ಜಿ ತೋರಿಸಿದ್ದು ಮೆಟ್ಟಿಲ ಕೆಳಗಿನ ಕಗ್ಗತ್ತಲ ಮೂಲೆಯನ್ನು. ಅಲ್ಲೊಂದು ಹಳೆಯ ಮಣ್ಣಿನ ಕುಂಡ. ಅದರಲ್ಲಿ ಕತ್ತಿಯಂತೆ ನೆಟ್ಟಗೆ ನಿಂತ ದಪ್ಪ ಎಲೆಗಳ ಸ್ನೇಕ್ ಪ್ಲಾಂಟ್. ಇಪ್ಪತ್ತು ದಿನ ನೀರಿಲ್ಲದಿದ್ದರೂ ಬದುಕುವ ಗಿಡ ಅದು. ದಿನಾ ನೀರು ಬಿದ್ದರೆ ವಾರದಲ್ಲಿ ಕೊಳೆಯುವಂಥದ್ದು. ಕುಂಡಕ್ಕೆ ನೀರು ಬಸಿಯಲು ಒಂದು ತೂತೂ ಇರಲಿಲ್ಲ.

“ನನ್ನ ಮಗಳು ಚಿಕ್ಕೋಳಿದ್ದಾಗ ಯಾರೋ ಹೊಟ್ಟೆಕಿಚ್ಚಿಗೆ ಮಾಟ ಮಾಡಿಸಿದ್ರು,” ಎಂದಳು ಅಜ್ಜಿ, ಗೋಡೆಗೂ ಕೇಳಿಸಬಾರದೆಂಬಂತೆ. “ಬಾಯಾರಿಕೆ. ಎಷ್ಟು ಕುಡಿದ್ರೂ ಬಾಯಾರಿಕೆ. ನಾಲಿಗೆ ಸೀಳಿಹೋಗಿತ್ತು. ಮಾಟ ತೆಗೆಯೋನು ಬಂದು ಅದನ್ನ ಈ ಗಿಡಕ್ಕೆ ಇಳಿಸಿದ. ಮೂವತ್ತು ವರ್ಷ ಆಯ್ತು, ನಾನು ಒಂದು ದಿನಾನೂ ಮನೆ ಬಿಟ್ಟಿಲ್ಲ. ಈಗ ಅವಳಿಗೆ ಆಪರೇಷನ್ನು, ಹತ್ತು ದಿನ ಹೋಗ್ಲೇಬೇಕು.”

“ಅಜ್ಜಿ, ಅತಿಯಾದ್ರೆ ಅಮೃತಾನೂ ವಿಷ. ನೀವು ನಿಶ್ಚಿಂತೆಯಿಂದ ಹೋಗಿ ಬನ್ನಿ,” ಎಂದ. ಅಜ್ಜಿಯ ಆಟೋ ತಿರುವು ದಾಟುವ ಮೊದಲೇ ಕುಂಡವನ್ನು ಬಾಲ್ಕನಿಗೆ ಹೊತ್ತು ತಂದ.

ಮೊದಲು ಬೆರಳ ಪರೀಕ್ಷೆ. ಮಣ್ಣಿಗೆ ಎರಡು ಗೆಣ್ಣು ಬೆರಳಿಳಿಸಿ. ತೇವ ತಗುಲಿದರೆ ನೀರು ಬೇಡ. ಇದು ಅವನು ನೂರು ಸಲ ಹೇಳಿದ ಪಾಠ. ಬೆರಳಿಳಿಸಿದ. ಬೆಳಿಗ್ಗೆಯಷ್ಟೇ ಅಜ್ಜಿ ಒಂದು ಬಿಂದಿಗೆ ಸುರಿದಿದ್ದ ಮಣ್ಣು ಹಿಟ್ಟಿನಂತೆ ಒಣಗಿತ್ತು. ಈಚೆಗೆ ತೆಗೆದಾಗ ಬೆರಳ ತುದಿ ಸುಕ್ಕುಗಟ್ಟಿ ಬಿಳುಚಿತ್ತು. ಅವನು ಅದನ್ನು ಪ್ಯಾಂಟಿಗೆ ಒರೆಸಿಕೊಂಡ, ಅಷ್ಟೇ. ಕಣ್ಣೆದುರಿಗಿದ್ದದ್ದನ್ನು ನೋಡದಿರಲೂ ಒಂದು ಜಾಣತನ ಬೇಕು.

ಗಿಡ ಕಿತ್ತ. ಬೇರಿನ ನಡುವೆ ಕೂದಲು ಸುತ್ತಿ ತಂತಿ ಬಿಗಿದ ಗಂಟೊಂದಿತ್ತು. ಕತ್ತರಿಸಿ ಕಸದ ಬುಟ್ಟಿಗೆಸೆದ. ಕುಂಡದ ತಳಕ್ಕೆ ಡ್ರಿಲ್ಲಿನಿಂದ ಮೂರು ತೂತು ಕೊರೆದ. ಮರಳು, ಕೊಕೊಪೀಟ್, ಗೊಬ್ಬರ ಹದವಾಗಿ ಬೆರೆಸಿ ಗಿಡ ನೆಟ್ಟು, ಇನ್ನು ಮೂರು ವಾರ ಹನಿ ನೀರೂ ಕೂಡದೆಂದು ಸಾರಿದ. ಎಲ್ಲವೂ ಶಾಸ್ತ್ರಶುದ್ಧ. ಒಂದೂ ತಪ್ಪಿಲ್ಲ.

“ರೀ, ಪಾಪ ಅಷ್ಟು ಹೇಳಿ ಹೋಗಿದಾರೆ. ಒಂದು ಚೊಂಬಾದ್ರೂ ಹಾಕ್ತೀನಿ,” ಎಂದಳು ಹೆಂಡತಿ.

“ನೀನು ಮಕ್ಕಳಿಗೆ ಮಗ್ಗಿ ಹೇಳ್ಕೊಡು. ಗಿಡ ನನಗೆ ಬಿಡು,” ಎಂದು ಬಿಂದಿಗೆಯನ್ನು ಅಟ್ಟಕ್ಕೆ ಎಸೆದ.

ಮೂರನೆಯ ದಿನ ಎಲೆಗಳು ಮಲಗಿದವು. ನಾಲ್ಕನೆಯ ದಿನ ಹೆಂಡತಿ ಶಾಲೆಯಿಂದ ಮಧ್ಯಾಹ್ನವೇ ಬಂದಳು. ಮಕ್ಕಳ ನೀರಿನ ಬಾಟಲಿಗಳನ್ನೆಲ್ಲ ತಾನೇ ಕುಡಿದು ಖಾಲಿ ಮಾಡಿದೆ ಎಂದು ಹೇಳುವಾಗ ಅವಳಿಗೆ ನಾಚಿಕೆಯಿಂದ ಅಳು ಬಂತು. “ಬಿಸಿಲು,” ಎಂದ ಡಾಕ್ಟರ್. ಎಲ್ಲದಕ್ಕೂ ಅವನ ಬಳಿ ಉತ್ತರವಿತ್ತು.

ಮರುದಿನ ನಸುಕಿನಲ್ಲಿ ಸ್ನಾನದ ಮನೆಯಿಂದ ಗಟಗಟ ಸದ್ದು. ದೀಪ ಹಾಕಿರಲಿಲ್ಲ. ಕತ್ತಲಲ್ಲಿ ಅವಳು ಬಕೆಟ್ಟಿಗೆ ಬಾಯಿಟ್ಟು ಕುಡಿಯುತ್ತಿದ್ದಳು. ಬಕೆಟ್ ಬತ್ತಿತು. ಅವಳು ತಲೆಯೆತ್ತಿದಳು. ತುಟಿ ಸೀಳಿತ್ತು. ಉಸಿರಿನಲ್ಲಿ ಸುಟ್ಟ ಮಣ್ಣಿನ ವಾಸನೆ.

ಆಸ್ಪತ್ರೆಗೆ ಓಡಿದ. ಸಕ್ಕರೆ ಕಾಯಿಲೆ ಇಲ್ಲ, ಜ್ವರ ಇಲ್ಲ ಎಂದರು. ಡ್ರಿಪ್ ಹಾಕಿದರು. ಬಾಟಲಿ ನೋಡನೋಡುತ್ತಲೇ ಬರಿದಾಯಿತು. ಇನ್ನೊಂದು. ಅದೂ. ನರ್ಸ್ ಸೂಜಿ ಕಿತ್ತು ಹಿಂದೆ ಸರಿದಳು. ಅವನು ಹೆಂಡತಿಯನ್ನು ಮನೆಗೆ ಕರೆತಂದು ಅಜ್ಜಿಗೆ ಫೋನ್ ಮಾಡಿದ.

ಮಧ್ಯಾಹ್ನದೊಳಗೆ ಬಂದಿಳಿದ ಅಜ್ಜಿ ಬೈಯಲಿಲ್ಲ. ಬಾಲ್ಕನಿಗೆ ಹೋಗಿ ಕುಂಡ ಮುಟ್ಟಿದಳು. ಗಿಡ ಬೂದಿಯಂತೆ ಉದುರಿತು.

“ಅದಕ್ಕೊಂದು ಒಡಲು ಬೇಕು,” ಎಂದಳು. “ಇವಳು ಬಾಯಿ ಮುಕ್ಕಳಿಸಿದ ನೀರನ್ನ ಇನ್ನೊಂದು ಬೇರಿಗೆ ಹಾಕು. ಅದು ತಡ್ಕೊಂಡ್ರೆ ಸರಿ.”

ಈಗ ನಗು ಬರಲಿಲ್ಲ. ತಾನು ಮಕ್ಕಳಂತೆ ಸಾಕಿದ ನಲವತ್ತು ಗಿಡಗಳು ಸಾಲಾಗಿ ನಿಂತಿದ್ದವು. ಅವಳು ಮುಕ್ಕಳಿಸಿದ ನೀರನ್ನು ಲೋಟದಲ್ಲಿ ಹಿಡಿದು ತಂದು ಮೊದಲನೆಯದಕ್ಕೆ ಒಂದಿಷ್ಟು ಸುರಿದ. ಎಲೆ ಮುದುಡಿತು. ಕಾಂಡ ಚಟ್ಟನೆ ಮುರಿಯಿತು. ಸತ್ತಿತು. ಎರಡನೆಯದು. ಸತ್ತಿತು. ಗುಲಾಬಿ. ದಾಸವಾಳ. ನಿಂಬೆ. ಚಟ್. ಚಟ್. ಒಳಗಿನಿಂದ ಅವಳ ಕೂಗು, “ನೀರು!” ಹತ್ತು. ಇಪ್ಪತ್ತು. ಲೋಟ ತುಳುಕಿತು. ಕೊನೆಯ ಕುಂಡ. ಚಟ್. ಕೂಗು ನಿಂತಿತು.

ಒಳಗೆ ಓಡಿದ. ಅವಳ ಕಣ್ಣು ತೆರೆದೇ ಇತ್ತು, ಒದ್ದೆಯಿರಲಿಲ್ಲ. ಇಷ್ಟು ಹೊತ್ತು ಅವನನ್ನು ಆಡಿಕೊಂಡದ್ದಾಯಿತು. ಒಂದು ಮಾತು ಮಾತ್ರ ಒಪ್ಪಲೇಬೇಕು. ಅವಳೆಂದರೆ ಅವನಿಗೆ ಪ್ರಾಣ. ಅದನ್ನು ಹೇಳುವ ಸೌಜನ್ಯವಷ್ಟೇ ಇರಲಿಲ್ಲ. ಲೋಟದ ತಳದಲ್ಲಿ ಒಂದು ಗುಟುಕು ಉಳಿದಿತ್ತು. ಅಜ್ಜಿ “ಬೇಡ” ಎನ್ನುವಷ್ಟರಲ್ಲಿ ಅವನು ಕುಡಿದ.

ಅವಳು ಉಸಿರೆಳೆದುಕೊಂಡಳು. ಅವನ ಗಂಟಲು ಹೊತ್ತಿಕೊಂಡಿತು.

ವಾರದ ನಂತರ ಅಜ್ಜಿ ಬಟ್ಟೆ ಕಟ್ಟಿಕೊಂಡು ಮಗಳ ಮನೆಗೆ ಹೊರಟಳು, ಇನ್ನು ಅಲ್ಲೇ ಇರಲು. ಅವಳ ಮುಖದಲ್ಲಿ ಮರುಕವಿತ್ತು. ಅದಕ್ಕಿಂತ ಹೆಚ್ಚಾಗಿ, ಮುಚ್ಚಿದರೂ ಮುಚ್ಚಲಾಗದ ಬಿಡುಗಡೆ. “ಹೊರಗೆ ಹೋಗೋದಾದ್ರೆ ಬೇಗ ವಾಪಸ್ ಬಾರಮ್ಮ,” ಎಂದಷ್ಟೇ ಹೇಳಿದಳು.

ಹೆಂಡತಿ ಉತ್ತರಿಸುವ ಮೊದಲೇ ಫೋನ್ ರಿಂಗಾಯಿತು. ಶಾಲೆಯಿಂದ ಹೆಡ್‌ಮೇಡಂ. ಮಕ್ಕಳು ಕೇಳುತ್ತಿದ್ದಾರಂತೆ, ಯಾವತ್ತು ಬರುತ್ತೀರಿ ಎಂದು.

ಅವಳು ಗಂಡನ ಕಡೆ ನೋಡಿದಳು. ತಂಪಿಗೆಂದು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಗೋಡೆಗೊರಗಿ ಕೂತಿದ್ದ. ಅವಳು ಮಾತು ಮುಗಿಸುವ ತನಕವಾದರೂ ನೀರು ಕೇಳಬಾರದೆಂದು ಹಲ್ಲು ಕಚ್ಚಿದ. ತುಟಿ ಬಿರಿದು ರಕ್ತ ಒಸರಿತು. ನಾಲಿಗೆ ಅದನ್ನೂ ನೆಕ್ಕಿತು.

“ಇನ್ನೊಂದು ಬಿಂದಿಗೆ ಕೊಡೇ,” ಎಂದ.

“ನಾನು ಬರಲ್ಲ ಮೇಡಂ,” ಎಂದಳು ಅವಳು ಫೋನಿಗೆ. “ಬೇರೆ ಟೀಚರ್‌ನ ತಗೊಳ್ಳಿ.”