ಚಿಲಕದ ಮೇಲಿನ ಎಲೆ

ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಅಣ್ಣನ ಮನೆಗೆ ಹೊರಟೆ. ನಮ್ಮ ಮನೆಯ ಬಾಗಿಲೇ ಒಳಗಿನಿಂದ ತೆರೆಯಲಿಲ್ಲ.

ನನ್ನ ಗಂಡ ಪ್ಲಾಸ್ಟರ್ ಅಲಂಕಾರದ ಕೆಲಸದವರು. ಕೆಲಸ ಕಲಿಸಿದ ಗುರುಗಳ ಅಚ್ಚನ್ನು ಎರವಲು ತಂದು, ನಮ್ಮ ಬಾಗಿಲ ಸುತ್ತ ಮುಳ್ಳಂಚಿನ ಅಕ್ಯಾಂಥಸ್ ಗಿಡದ ಎಲೆಗಳನ್ನು ಪ್ಲಾಸ್ಟರಿನಲ್ಲಿ ಎರಕ ಹೊಯ್ದು ಕೂರಿಸುತ್ತಿದ್ದರು. "ಇದು ಮುಗಿದರೆ ನೀನು ಮನೆ ಬಿಟ್ಟು ಹೋಗೋ ಮಾತೇ ಇಲ್ಲ ನೋಡು," ಎಂದು ರೇಗಿಸುತ್ತಿದ್ದರು.

ಅವರು ಹೋಗುವಾಗ ಹನ್ನೊಂದು ಎಲೆ ಮುಗಿದಿತ್ತು. ಈಗ ಹನ್ನೆರಡನೆಯದು ಚಿಲಕವನ್ನು ಮುಚ್ಚಿ ಕೂತಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಪ್ಲಾಸ್ಟರ್ ಬಿಸಿಯಾಗುವುದು ಗಟ್ಟಿಯಾಗುವಾಗ ಮಾತ್ರ, ಆಮೇಲೆ ಬೇಗ ಆರುತ್ತದೆ. ಕಲಿಸಿದ್ದು ಅವರೇ.

ಸುತ್ತಿಗೆಯಿಂದ ಒಡೆದೆ. ಅಚ್ಚನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡವೆನಿಸಿತು. ಅದು ಖಾಲಿ ಇತ್ತು. ನಾನೇ ತೊಳೆದು, ಒರೆಸಿ, ಚೀಲಕ್ಕೆ ಹಾಕಿದೆ. ಗುರುಗಳ ಕಾರ್ಖಾನೆಗೆ ಒಂದು ಗಂಟೆ ನಡೆದೆ. ದಾರಿಯುದ್ದಕ್ಕೂ ಚೀಲ ಭಾರವಾಗುತ್ತಿತ್ತು.

ಗುರುಗಳು ಅಚ್ಚಿನೊಳಗೆ ಅಂಗೈ ಇಟ್ಟು ನೋಡಿದರು.

"ಎಲೆ ತೆಗೀದೇನೇ ತಂದಿದೀಯಲ್ಲಮ್ಮಾ. ಇನ್ನೂ ಬಿಸಿ ಇದೆ."

ಮೆಲ್ಲಗೆ ತಟ್ಟಿ ಎಲೆ ಬಿಡಿಸಿದರು. ಅಚ್ಚನ್ನು ಕಪಾಟಿಗೆ ಸೇರಿಸಿ, ಎಲೆಯನ್ನು ನನ್ನ ಕೈಯಲ್ಲಿಟ್ಟರು.

"ಅಚ್ಚು ನಂದು, ಸರಿ. ಎಲೆ ನಿಂದೇ, ತಗೊಂಡು ಹೋಗು."